ಸಭೆಯಲ್ಲಿ ಕೇಳಿದ ಮಾತು ಮತ್ತು ಸದ್ಭಕ್ತನ ವಿವೇಕ

ವೀರಶೈವ ಧರ್ಮದಲ್ಲಿ ನುಡಿಯ ಶುದ್ಧಿಗೆ ಕೊಟ್ಟಿರುವ ಸ್ಥಾನ ಬಹು ದೊಡ್ಡದು. ಸತ್ಯವನ್ನೇ ನುಡಿಯಬೇಕು, ನುಡಿದಂತೆ ನಡೆಯಬೇಕು ಎಂಬುದು ಶರಣಮಾರ್ಗದ ಮೊದಲ ಪಾಠ. ಇದನ್ನು ಅರಿಯದ ಭಕ್ತನಿಲ್ಲ. ಆದರೆ ಕೇಳುವವನ ಧರ್ಮವೇನು ಎಂಬುದರ ವಿಚಾರ ಅಷ್ಟಾಗಿ ನಡೆಯುವುದಿಲ್ಲ. ಆಡುವ ನಾಲಗೆ ಒಂದಾದರೆ ಕೇಳುವ ಕಿವಿಗಳು ನೂರು. ಹುಸಿನುಡಿಯು ಒಂದು ಊರನ್ನು ಕೆಡಿಸುವುದು ಆಡಿದವನೊಬ್ಬನ ಶಕ್ತಿಯಿಂದಲ್ಲ, ಕೇಳಿದವರೆಲ್ಲರ ಅನವಧಾನದಿಂದ. ಆದಕಾರಣ ಸಭೆಯಲ್ಲಾಗಲಿ, ಊರ ಕಟ್ಟೆಯ ಮೇಲಾಗಲಿ, ಕೈಯಲ್ಲಿರುವ ಮೊಬೈಲಿನ ಮೂಲಕವಾಗಲಿ ಸಂದೇಹಾಸ್ಪದವಾದ ಮಾತೊಂದು ಕಿವಿಗೆ ಬಿದ್ದಾಗ ಸದ್ಭಕ್ತನಾದ ಗೃಹಸ್ಥನು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಪ್ರಕೃತ ಪಾಠದಲ್ಲಿ ವಿವೇಚಿಸಲಾಗಿದೆ.

ಕಿವಿಯೂ ಲಿಂಗಸ್ಥಾನ

ಷಟ್‌ಸ್ಥಲಶಾಸ್ತ್ರದಲ್ಲಿ ಲಿಂಗತತ್ತ್ವವನ್ನು ಆರು ಬಗೆಯಾಗಿ ವಿಂಗಡಿಸಿ ಅಂಗದಲ್ಲಿ ನೆಲೆಗೊಳಿಸಿರುವುದು ಭಕ್ತರಿಗೆ ವಿದಿತವಾದ ವಿಷಯ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಇದರಿಂದ ಫಲಿತವಾಗುವ ಅರ್ಥವೇನು? ಕಿವಿಗೆ ಬಂದ ಶಬ್ದವು ಮೊದಲು ಕೇವಲ ಪದಾರ್ಥ. ಪ್ರಸಾದಲಿಂಗಕ್ಕೆ ಅರ್ಪಿತವಾದ ಬಳಿಕವಷ್ಟೇ ಅದು ಪ್ರಸಾದ. ಅರ್ಪಿಸದೆ ಕೊಂಡರೆ ಅದು ಅನರ್ಪಿತ. ಅನರ್ಪಿತವನ್ನು ಭಕ್ತನು ಕೊಳ್ಳಲಾಗದು.

ಮನೆಯ ತಾಯಿ ಜೋಳವನ್ನು ಮೊರದಲ್ಲಿ ಹಾಕಿ ಕೇರಿ, ಹರಳು ಆರಿಸಿ, ಹಸನು ಮಾಡಿ ಬೀಸುತ್ತಾಳೆ. ಹರಳು ಬೆರೆತ ರೊಟ್ಟಿಯನ್ನು ಲಿಂಗಕ್ಕೆ ತೋರಿಸಿದ ಮಾತ್ರಕ್ಕೆ ಹರಳು ಪ್ರಸಾದವಾಗುವುದಿಲ್ಲ. ಹಾಗೆಯೇ ಕೇಳಿದ ಮಾತನ್ನು ಹಸನು ಮಾಡದೆ ಮನಸ್ಸಿನೊಳಕ್ಕೆ ಬಿಟ್ಟುಕೊಳ್ಳುವುದು ಕಿವಿಯಲ್ಲಿ ನೆಲೆಸಿದ ಲಿಂಗಕ್ಕೆ ಮಾಡುವ ಅಪಚಾರ. ಪ್ರಸಾದಿಯ ಭಕ್ತಿಯನ್ನು ಅವಧಾನಭಕ್ತಿ ಎಂದು ಹಿರಿಯರು ಹೆಸರಿಸಿರುವುದನ್ನು ಇಲ್ಲಿ ನೆನೆಯತಕ್ಕುದು. ಅವಧಾನವೆಂದರೆ ಎಚ್ಚರ. ಉಣ್ಣುವಲ್ಲಿ ಎಚ್ಚರವಿದ್ದು ಕೇಳುವಲ್ಲಿ ಎಚ್ಚರ ತಪ್ಪಿದರೆ ಆ ಭಕ್ತಿ ಅರೆಯಾಯಿತು.

ಕೇಳುವವರ ನಾಲ್ಕು ದೋಷಗಳು

ಗೌತಮಮುನಿಯ ನ್ಯಾಯಶಾಸ್ತ್ರದಲ್ಲಿ ಸಭೆಯ ಮಾತುಕತೆಯನ್ನು ಮೂರು ಬಗೆಯೆಂದು ಹೇಳಿದೆ. ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ನಡೆಯುವುದು ವಾದ. ಗೆಲ್ಲುವ ಇಚ್ಛೆಯಿಂದ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನು ನಿಲ್ಲಿಸದೆ ಎದುರಿನವನ ಪಕ್ಷವನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡೆ. ಸಭೆಯು ಈ ಮೂರರಲ್ಲಿ ಯಾವುದಾಗುವುದೆಂಬುದು ವೇದಿಕೆಯ ಮೇಲಿರುವವರಿಂದ ಮಾತ್ರ ನಿರ್ಣಯವಾಗುವುದಿಲ್ಲ. ಕೆಳಗೆ ಕುಳಿತವರಿಂದಲೂ ಆಗುತ್ತದೆ. ಕೇಳುವವರಲ್ಲಿ ನಾಲ್ಕು ದೋಷಗಳು ಸಾಮಾನ್ಯವಾಗಿ ಕಾಣಬರುತ್ತವೆ.

ಮೊದಲನೆಯದು, ಕೇಳಿದೊಡನೆ ನಂಬುವುದು. ಮಾತು ತನ್ನ ಇಷ್ಟಕ್ಕೆ ಅಥವಾ ತನ್ನ ಭಯಕ್ಕೆ ಒಪ್ಪುವುದಾದರೆ ಸಾಕು, ಇಂಥವನು ಪ್ರಮಾಣವನ್ನು ಕೇಳುವುದಿಲ್ಲ. ಎರಡನೆಯದು, ಕೇಳಿದೊಡನೆ ಜರೆಯುವುದು. ಇವನು ಮಾತನ್ನು ಬಿಟ್ಟು ಆಡಿದವನನ್ನು ಹಿಡಿಯುತ್ತಾನೆ. ಅವನ ಕುಲ, ಪಕ್ಷ, ಓದು ಇವುಗಳನ್ನೇ ಎತ್ತಿ ಆಡುತ್ತಾನೆ. ಮೂರನೆಯದು, ಸುಳ್ಳೆಂದು ತಿಳಿದೂ ಸುಮ್ಮನಿರುವುದು. ಆಡಿದವನು ದೊಡ್ಡವನು, ಬೀಗನು, ಬೇಕಾದವನು ಎಂಬ ದಾಕ್ಷಿಣ್ಯ ಇದಕ್ಕೆ ಕಾರಣ. ನಾಲ್ಕನೆಯದು, ನಿಜವೋ ಹುಸಿಯೋ ಅರಿಯದೆ ಮುಂದಕ್ಕೆ ಸಾಗಿಸುವುದು. ಕೇಳಿದ್ದನ್ನು ಹೇಳಿದೆ, ಪಾಪವೇನಿದ್ದರೂ ಹೇಳಿದವನಿಗೆ ಎಂದು ಇವನು ಭಾವಿಸುತ್ತಾನೆ. ನಾಲ್ವರಲ್ಲಿ ಹೆಚ್ಚಿನ ಹಾನಿ ಮಾಡುವವನು ಇವನೇ. ಏಕೆಂದರೆ ತಾನು ಏನನ್ನೂ ಮಾಡಿಲ್ಲವೆಂದು ಇವನು ನಂಬಿರುತ್ತಾನೆ.

ಗೋಗಿಯ ನೀರು

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯು ಹಳೆಯ ಊರು. ಚಂದಾ ಹುಸೇನಿಯ ದರ್ಗಾವೂ ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ಅರಸರ ಗೋರಿಗಳೂ ಅಲ್ಲಿವೆ. ಈ ಊರಿನ ಹೆಸರು ದೂರದವರೆಗೆ ಕೇಳಿಬಂದುದು ಬೇರೊಂದು ಕಾರಣದಿಂದ. ಭೀಮಾ ಪ್ರದೇಶದ ಸುಣ್ಣಕಲ್ಲಿನ ಪದರುಗಳೂ ಅವುಗಳ ಕೆಳಗಿನ ಗ್ರಾನೈಟ್ ಶಿಲೆಯೂ ಸ್ತರಭಂಗದ ರೇಖೆಯೊಂದರಲ್ಲಿ ಸೀಳಿದ ಎಡೆಯಲ್ಲಿ, ಗೋಗಿಯ ಹತ್ತಿರ ಯುರೇನಿಯಂ ಅದಿರು ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯದವರು ಶೋಧಿಸಿದರು. ಅದನ್ನು ತೆಗೆಯುವ ಯೋಜನೆಯನ್ನು ಯುರೇನಿಯಂ ಕಾರ್ಪೊರೇಷನ್ ಆಫ್ ಇಂಡಿಯಾ ಮುಂದಿಟ್ಟಿತು. 2010ರ ಆಚೀಚಿನ ವರ್ಷಗಳಲ್ಲಿ ಇದನ್ನು ಕುರಿತು ಊರಿನಲ್ಲಿಯೂ ಜಿಲ್ಲೆಯಲ್ಲಿಯೂ ವಾದ ಎದ್ದಿತು.

ಇಂತಹ ಯೋಜನೆ ಎದ್ದಲ್ಲೆಲ್ಲ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ಇದರಿಂದ ಯಾರಿಗೂ ಕಿಂಚಿತ್ತೂ ಬಾಧೆಯಿಲ್ಲ ಎಂಬುದು. ಇನ್ನೊಂದು, ಊರಿನಲ್ಲಿ ಕಂಡ ರೋಗವೆಲ್ಲವೂ ಸತ್ತ ದನವೆಲ್ಲವೂ ಇದರಿಂದಲೇ ಎಂಬುದು. ಮೊದಲನೆಯ ಮಾತಿನ ಹಿಂದೆ ಅಧಿಕಾರದ ಗಾಂಭೀರ್ಯವಿರುತ್ತದೆ. ಎರಡನೆಯದರ ಹಿಂದೆ ತಾಯಂದಿರ ಭಯವಿರುತ್ತದೆ. ಗಾಂಭೀರ್ಯವೂ ಪ್ರಮಾಣವಲ್ಲ, ಭಯವೂ ಪ್ರಮಾಣವಲ್ಲ. ಎರಡನ್ನೂ ಹಸನು ಮಾಡಿ ನೋಡಬೇಕು.

ಮೊದಲು ಸಂಗತಿಯನ್ನು ತಿಳಿಯೋಣವಾಗಲಿ. ಅದಿರು ಇರುವ ಬಂಡೆಯನ್ನು ಸೋಂಕಿ ಹರಿಯುವ ಅಂತರ್ಜಲದಲ್ಲಿ ಯುರೇನಿಯಂ ಸ್ವಲ್ಪ ಕರಗುವುದು ಸೃಷ್ಟಿನಿಯಮ. ಗಣಿ ತೋಡದಿದ್ದರೂ ಅದು ಕರಗುತ್ತದೆ. ಆದ್ದರಿಂದ ಒಂದು ಬಾವಿಯ ನೀರಿನಲ್ಲಿ ಅದು ಕಂಡುಬಂದರೆ ಗಣಿಯೇ ಕಾರಣವೆಂದು ಒಮ್ಮೆಲೇ ಹೇಳಲಾಗದು. ಆದರೆ ಸೃಷ್ಟಿಯಿಂದಲೇ ಬಂದುದು, ಆದಕಾರಣ ಬಾಧೆಯಿಲ್ಲ ಎಂದು ಹೇಳುವುದೂ ಅಷ್ಟೇ ತಪ್ಪು. ನಾಗರಹಾವೂ ಸೃಷ್ಟಿಯಿಂದಲೇ ಬಂದುದು. ಯುರೇನಿಯಂ ಮಿತಿಮೀರಿದ ನೀರನ್ನು ಬಹುಕಾಲ ಕುಡಿದರೆ ಮುಖ್ಯವಾಗಿ ಮೂತ್ರಪಿಂಡಗಳಿಗೆ ಕೇಡು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ನೀರನ್ನು ಕಾಯಿಸಿದರೆ ಅದು ಹೋಗುವುದೂ ಇಲ್ಲ. ಕಣ್ಣು ನಾಲಗೆಗಳಿಗೆ ಎಟುಕದ ಇಂತಹ ವಿಷಯದಲ್ಲಿ ಪರೀಕ್ಷೆಯೊಂದೇ ಪ್ರಮಾಣ.

ಪರೀಕ್ಷೆಯ ಅಂಕಿಗಳಲ್ಲಿಯೂ ಎಚ್ಚರ ಬೇಕು. ಕುಡಿಯುವ ನೀರಿನ ಒಂದು ಲೀಟರಿಗೆ ಯುರೇನಿಯಂ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ತಾತ್ಕಾಲಿಕ ಮಿತಿಯನ್ನು ಹೇಳಿತು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿದ್ದ ಮಿತಿ 60. ಭಾರತೀಯ ಮಾನಕ ಸಂಸ್ಥೆಯು ಬಳಿಕ 30ರ ಮಿತಿಯನ್ನೇ ತನ್ನ ಮಾನಕಕ್ಕೆ ಸೇರಿಸಿತು. ಈಗ ಒಂದು ಬಾವಿಯ ನೀರಿನಲ್ಲಿ 45 ಇದೆಯೆಂದು ಇಟ್ಟುಕೊಳ್ಳೋಣ. ಒಬ್ಬನು ಸಭೆಯಲ್ಲಿ ಎದ್ದು, ನೀರು ಮಿತಿಯೊಳಗಿದೆ ಎನ್ನುತ್ತಾನೆ. ಮತ್ತೊಬ್ಬನು ಮಿತಿಯನ್ನು ಮೀರಿದೆ ಎನ್ನುತ್ತಾನೆ. ಇಬ್ಬರೂ ಅಂಕಿಯನ್ನು ಹುಸಿಯಾಡಲಿಲ್ಲ. ಯಾವ ಕೊಳಗದಿಂದ ಅಳೆದೆನೆಂಬುದನ್ನು ಇಬ್ಬರೂ ಮುಚ್ಚಿಟ್ಟರು. ಎಷ್ಟಿದೆ, ಯಾರ ಮಿತಿಯಿಂದ ಅಳೆದಿರಿ ಎಂದು ಎದ್ದು ಕೇಳುವ ಒಬ್ಬ ಗೃಹಸ್ಥನಿದ್ದರೆ ಜಲ್ಪವು ಅಲ್ಲಿಗೇ ನಿಂತು ವಾದವು ಮೊದಲಾಗುತ್ತದೆ.

ಊರಿನವರ ಭಯವನ್ನು ಅಜ್ಞಾನವೆಂದು ನಗುವವರಿಗೆ ಅದೇ ಜಿಲ್ಲೆಯಲ್ಲಿ ಒಂದು ಪಾಠವಿದೆ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಕಪ್ಪು ಕಲೆಗಳೂ ಅಂಗೈ ಅಂಗಾಲುಗಳಲ್ಲಿ ಗಡುಸಾದ ಗಂಟುಗಳೂ ಕಾಣಿಸಿಕೊಂಡವು. ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್ ಎಂಬ ಪಾಷಾಣ ಇರುವುದು ದೃಢಪಟ್ಟಿತು. ಹಿಂದಿನ ಕಾಲದಲ್ಲಿ ಚಿನ್ನ ತೆಗೆದ ಮಂಗಳೂರು ಶಿಲಾಪಟ್ಟಿಯ ಪ್ರದೇಶವದು. ಈ ಮಂಗಳೂರು ಸುರಪುರ ಸೀಮೆಯದೇ ಹೊರತು ಕರಾವಳಿಯದಲ್ಲ. ಇದನ್ನು ಕುರಿತ ವಿದ್ವಾಂಸರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಭಯವೇ ನಿಜವಾಯಿತು. ಆದರೆ ಆ ಪಾಷಾಣ ಯುರೇನಿಯಂ ಅಲ್ಲ. ಒಂದು ಊರಿನ ರೋಗವನ್ನು ಇನ್ನೊಂದು ಊರಿನ ಅದಿರಿಗೆ ಹೊರಿಸಿದರೆ ಇದ್ದ ವಿಷ ಕಣ್ಣಿಗೆ ಮರೆಯಾಗುತ್ತದೆ, ಮಕ್ಕಳು ಅದನ್ನೇ ಕುಡಿಯುತ್ತಿರುತ್ತಾರೆ. ಸಂದೇಹದ ಮಾತನ್ನು ಪರೀಕ್ಷಿಸದೆ ನಂಬುವುದೂ ಪರೀಕ್ಷಿಸದೆ ತಳ್ಳುವುದೂ ಕೊನೆಗೆ ಒಂದೇ ಕೊಡದ ನೀರಿಗೆ ಬಂದು ಮುಟ್ಟುತ್ತವೆ.

ಭಂಡಾರದ ಲೆಕ್ಕ

ಶರಣಚರಿತೆಯಲ್ಲಿ ಇದಕ್ಕೆ ಉಜ್ವಲವಾದ ನಿದರ್ಶನವುಂಟು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದಾಗ, ಅರಸನ ಹಣವನ್ನು ಜಂಗಮರಿಗೆ ಸೂರೆ ಮಾಡುತ್ತಿದ್ದಾರೆಂದು ಕೊಂಡೆಯರು ಅರಸನ ಕಿವಿಯಲ್ಲಿ ಊದಿದರೆಂದು ಪುರಾಣಗಳು ಹೇಳುತ್ತವೆ. ಅರಸನು ಕೇಳಿದಾಗ ಬಸವಣ್ಣನವರು ಕೊಂಡೆಯರನ್ನು ಜರೆಯಲಿಲ್ಲ. ತಮ್ಮ ಪದವಿಯನ್ನೋ ಭಕ್ತಿಯನ್ನೋ ಸಾಕ್ಷಿಗೆ ಕರೆಯಲಿಲ್ಲ. ಭಂಡಾರವನ್ನು ತೆರೆದು ಎಣಿಸಿ ನೋಡಬಹುದೆಂದರು. ಎಣಿಸಲಾಗಿ ಹೊನ್ನು ಲೆಕ್ಕಕ್ಕೆ ಸರಿಯಾಗಿತ್ತು. ಇದನ್ನು ಪವಾಡವೆಂದು ಓದುವವರು ಹಾಗೆ ಓದಲಿ. ಗೃಹಸ್ಥನು ಹಿಡಿಯಬೇಕಾದ ತತ್ತ್ವ ಬೇರೊಂದಿದೆ. ಹೊಣೆ ಹೊತ್ತವನು ಲೆಕ್ಕ ಕೇಳಿದವರ ಮೇಲೆ ಮುನಿಯತಕ್ಕುದಲ್ಲ, ತೆರೆದು ತೋರಿಸತಕ್ಕುದು. ಕೇಳುವವನೂ ಚಾಡಿಯನ್ನು ನಂಬಿ ದಂಡಿಸತಕ್ಕುದಲ್ಲ, ಎಣಿಸಿ ನೋಡತಕ್ಕುದು. ಭಂಡಾರದ ಹೊನ್ನಿಗೆ ಸಲ್ಲುವ ಈ ನ್ಯಾಯ ಬಾವಿಯ ನೀರಿಗೂ ಸಲ್ಲುತ್ತದೆ.

ಸುರಪುರ ಸೀಮೆಯ ಕೆಂಭಾವಿಯ ಭೋಗಣ್ಣನವರ ಚರಿತೆ ಇನ್ನೊಂದು ಸೂಕ್ಷ್ಮವನ್ನು ತಿಳಿಸುತ್ತದೆ. ಅಂತ್ಯಜನ ವೇಷದಲ್ಲಿ ಬಂದ ಶಿವನನ್ನು ಅವರು ಮನೆಯೊಳಕ್ಕೆ ಕರೆದು ಉಣಬಡಿಸಿದರು. ಊರಿನ ವಿಪ್ರರು ಅರಸನಲ್ಲಿ ದೂರಿದರು; ಭೋಗಣ್ಣನವರು ಊರು ಬಿಡಬೇಕಾಯಿತು. ಅವರ ಹಿಂದೆ ಊರಿನ ಲಿಂಗಗಳೆಲ್ಲವೂ ಹೊರಟುಹೋದವೆಂಬುದು ಕಥೆ. ಇಲ್ಲಿ ದೂರಿದವರು ಹೇಳಿದ ಸಂಗತಿ ಸುಳ್ಳಲ್ಲ; ಭೋಗಣ್ಣನವರು ಉಣಬಡಿಸಿದ್ದು ದಿಟ. ಆದರೆ ಅದರಿಂದ ಊರು ಮೈಲಿಗೆಯಾಯಿತೆಂಬ ನಿರ್ಣಯ ಸುಳ್ಳು. ಸಂಗತಿ ಬೇರೆ, ಅದರಿಂದ ಎಳೆದ ನಿರ್ಣಯ ಬೇರೆ. ನೀರಿನಲ್ಲಿ ಯುರೇನಿಯಂ ಇದೆ ಎಂಬುದು ಸಂಗತಿ. ಈ ಮನೆಯವನ ರೋಗಕ್ಕೆ ಅದೇ ಕಾರಣ ಎಂಬುದು ನಿರ್ಣಯ. ಮೊದಲನೆಯದಕ್ಕೆ ನೀರಿನ ಪರೀಕ್ಷೆ ಸಾಕು. ಎರಡನೆಯದಕ್ಕೆ ರೋಗಿಗಳ ಎಣಿಕೆ, ಅವರ ವಯಸ್ಸು, ಅವರು ಕುಡಿದ ನೀರು, ಅದಿರಿಲ್ಲದ ನೆರೆಯೂರಿನ ಹೋಲಿಕೆ ಇವೆಲ್ಲವೂ ಬೇಕು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಒಪ್ಪಿಸುವ ಮಾತುಗಾರನಲ್ಲಿ ಎಚ್ಚರವಾಗಿರತಕ್ಕುದು.

ಸೊನ್ನಲಿಗೆಯ ಕಲ್ಲುಗಳು

ಅಪ್ರಿಯವಾದ ಮಾತನ್ನು ಕೇಳಿದ ಜನಸಮೂಹವು ಹೇಗೆ ವರ್ತಿಸುತ್ತದೆಂಬುದಕ್ಕೆ ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವು ಕನ್ನಡಿ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಒಡ್ಡನೆಂದು ಕರೆದು, ಆ ಕಾಯಕದ ಅರ್ಥವನ್ನೇ ಪ್ರಶ್ನಿಸಿದರು. ಕೆಲಸದವರು ಪ್ರಶ್ನೆಯನ್ನು ಕೇಳಲಿಲ್ಲ, ಕಲ್ಲುಗಳನ್ನೆತ್ತಿ ಬೀರಿದರು. ಸಿದ್ಧರಾಮನೂ ಮೊದಲು ಕೋಪದಿಂದಲೇ ಬಂದನು. ಆದರೆ ಕೋಪ ನಿಂತೊಡನೆ ಪ್ರಶ್ನೆ ಅವನಿಗೆ ಕೇಳಿಸಿತು. ಕೇಳಿಸಿದ್ದರಿಂದಲೇ ಅವನು ಕಲ್ಯಾಣದ ದಾರಿ ಹಿಡಿದನು. ಗುರುವಿನ ಮೇಲಣ ಅಭಿಮಾನದಿಂದ ಕಲ್ಲೆಸೆದವರಿಗಿಂತ, ಅಭಿಮಾನವನ್ನು ಬಿಟ್ಟು ಕೇಳಿದ ಗುರುವೇ ದೊಡ್ಡವನಾದನು. ಪ್ರಿಯನಾದವನನ್ನು ಯಾರಾದರೂ ಪ್ರಶ್ನಿಸಿದರೆ ಕಲ್ಲೆತ್ತುವ ಕೈಗಳು ಈ ಪ್ರಸಂಗವನ್ನು ಮರೆಯಬಾರದು.

ಕಲ್ಲು ಎಂಬುದು ಇಲ್ಲಿ ಕೇವಲ ಉಪಮೆಯಲ್ಲ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನು ನೆನೆದರೆ ಎದೆ ನಡುಗುತ್ತದೆ. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ವದಂತಿ ಆ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಆ ಸೀಮೆಗೆ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಸಾಕಾಯಿತು. ಮಾತು ಅವರಿಗಿಂತ ಮೊದಲೇ ಮುಂದಿನ ಊರನ್ನು ಮುಟ್ಟಿತು. ಜನ ದಾರಿಗಟ್ಟಿ ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದವು. ಹೈದರಾಬಾದಿನ ತರುಣನೊಬ್ಬನು ಪ್ರಾಣ ಬಿಟ್ಟನು. ಆತನು ಯಾವ ಮಗುವನ್ನೂ ಕದ್ದಿರಲಿಲ್ಲ. ದಯೆಯೇ ಧರ್ಮದ ಬುಡವೆಂದು ಲೋಕಕ್ಕೆ ಸಾರಿದ ಕಲ್ಯಾಣವು ಇರುವುದು ಅದೇ ಜಿಲ್ಲೆಯಲ್ಲಿ. ಹೊಡೆದವರು ಕೆಲವರು, ಆದರೆ ಆ ಮಾತನ್ನು ಮುಂದಕ್ಕೆ ಸಾಗಿಸಿದ ಬೆರಳುಗಳು ಎಷ್ಟು! ಆ ಬೆರಳುಗಳಲ್ಲಿ ಒಂದಾದರೂ ನಿಂತು, ಯಾವ ಊರಿನಲ್ಲಿ, ಯಾರ ಮಗು, ಕಂಡವರು ಯಾರು ಎಂದು ಕೇಳಿದ್ದರೆ ಒಂದು ತಾಯಿಯ ಒಡಲು ಉರಿಯುವುದು ತಪ್ಪುತ್ತಿತ್ತು.

ಎರಡು ಶಂಕೆಗಳು

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಹೀಗೆ ಎಲ್ಲವನ್ನೂ ಸಂದೇಹಿಸುತ್ತ ಹೋದರೆ ನಿಷ್ಠೆಗೆ ಕುಂದು ಬಾರದೆ? ಬಾರದು. ಗುರು ಲಿಂಗ ಜಂಗಮಗಳಲ್ಲಿ ಇಡುವ ನಿಷ್ಠೆ ಬೇರೆ, ಲೌಕಿಕವಾದ ಸಂಗತಿಯೊಂದಕ್ಕೆ ಕೊಡುವ ಒಪ್ಪಿಗೆ ಬೇರೆ. 1995ರ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹಗಳು ಹಾಲು ಕುಡಿಯುತ್ತವೆಂಬ ಮಾತು ದೇಶವೆಲ್ಲ ಹಬ್ಬಿತು. ಹಾಲಿಗೆ ಬಣ್ಣ ಬೆರೆಸಿ ಕೊಟ್ಟು ನೋಡಿದವರಿಗೆ ಅದು ತೆಳುವಾಗಿ ವಿಗ್ರಹದ ಮೈಮೇಲೆ ಇಳಿದುಹೋಗುವುದು ಕಂಡಿತು. ಕಂಡವರ ದೈವಭಕ್ತಿ ಅದರಿಂದ ಅಳಿಯಲಿಲ್ಲ. ಹುಸಿಯ ಊರುಗೋಲು ಬೇಕಾದ ಭಕ್ತಿ ಗಟ್ಟಿಯಾದುದಲ್ಲ. ಅರಿವನ್ನೇ ಗುರುವೆಂದು ಬಗೆದ ಧರ್ಮದಲ್ಲಿ ಪರೀಕ್ಷೆಯು ಭಕ್ತಿಗೆ ಹಗೆಯಾಗಲಾರದು.

ಎರಡನೆಯ ಶಂಕೆ ಇದು: ಹೊಲದಲ್ಲಿ ದುಡಿಯುವ ಬಡ ಗೃಹಸ್ಥನು ಯುರೇನಿಯಂ ಅಳೆಯುವುದೆಂತು? ಅವನೊಬ್ಬನೇ ಅಳೆಯಬೇಕಾಗಿಲ್ಲ, ಕೇಳಿದರೆ ಸಾಕು. ಗ್ರಾಮಸಭೆಯಲ್ಲಿ ಎದ್ದು ನೀರಿನ ಪರೀಕ್ಷೆಯ ವರದಿಯನ್ನು ಓದಿಹೇಳಬೇಕೆಂದು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಗಣಿ ಆಗಲಿ, ಆಗದಿರಲಿ, ಅದೇ ಬಾವಿಯ ನೀರನ್ನು ಅದೇ ಋತುವಿನಲ್ಲಿ ವರ್ಷವರ್ಷವೂ ಪರೀಕ್ಷಿಸಿ ಅಂಕಿಗಳನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಬೇಕೆಂದು ಊರು ಒಟ್ಟಾಗಿ ಕೇಳಬಹುದು. ಆಗ ಮುಂದೆ ಯಾರು ಏನೆಂದರೂ ಹಿಂದಿನ ಅಂಕಿಯೇ ಸಾಕ್ಷಿಯಾಗುತ್ತದೆ.

ಕೇಳುವುದಕ್ಕೆ ಪಾಂಡಿತ್ಯ ಬೇಡವೆಂಬುದನ್ನು ಆಯ್ದಕ್ಕಿ ಲಕ್ಕಮ್ಮನವರು ಮನೆಯಲ್ಲಿಯೇ ತೋರಿಸಿಕೊಟ್ಟರು. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ ದಿನ, ಪತಿಯೆಂಬ ದಾಕ್ಷಿಣ್ಯವಿಲ್ಲದೆ ಅವರು ಪ್ರಶ್ನಿಸಿದರು. ಹೆಚ್ಚಿನದನ್ನು ಹಿಂದಕ್ಕೆ ಸುರಿದುಬರುವಂತೆ ಮಾಡಿದರು. ಪ್ರಶ್ನೆ ನಿಷ್ಠುರವಾಗಿತ್ತು, ಆದರೆ ಅದರಲ್ಲಿ ಅವಹೇಳನವಿರಲಿಲ್ಲ. ಮಾರಯ್ಯನವರೂ ಅದರಿಂದ ಅವಮಾನಗೊಳ್ಳಲಿಲ್ಲ. ಪ್ರಶ್ನಿಸುವವರೂ ಪ್ರಶ್ನೆಗೆ ಒಳಗಾದವರೂ ಹೀಗಿದ್ದರೆ ಆ ಮನೆಯೇ ಒಂದು ಅನುಭವಮಂಟಪ.

ಮನನ ಮಾಡತಕ್ಕ ಅಂಶಗಳು

ಸಾರಾಂಶವೇನೆಂದರೆ, ಸಂದೇಹಾಸ್ಪದವಾದ ಮಾತು ಕಿವಿಗೆ ಬಿದ್ದಾಗ ಸದ್ಭಕ್ತನು ಐದನ್ನು ವಿಚಾರಿಸತಕ್ಕುದು. ಇದನ್ನು ಕಂಡವರು ಯಾರು, ಅಥವಾ ಎಲ್ಲರೂ ಕೇಳಿದವರೇ? ಹೇಳಿದುದರಲ್ಲಿ ಸಂಗತಿ ಎಷ್ಟು, ನಿರ್ಣಯ ಎಷ್ಟು? ಅಂಕಿಯಿದ್ದರೆ ಯಾವ ಅಳತೆಯಿಂದ ಅಳೆದುದು? ಇದು ಹುಸಿಯಾದರೆ ಹುಸಿಯೆಂದು ತಿಳಿಯುವ ಉಪಾಯವೇನು? ಇದನ್ನು ನಂಬಿ ನಡೆದರೆ ನೋವು ಯಾರಿಗೆ, ತಳ್ಳಿಹಾಕಿದರೆ ನೋವು ಯಾರಿಗೆ? ಐದನೆಯದನ್ನು ಎಂದಿಗೂ ಬಿಡತಕ್ಕುದಲ್ಲ. ಏಕೆಂದರೆ ತರ್ಕವು ಮಾತನ್ನು ತೂಗುತ್ತದೆ, ದಯೆಯು ಮನುಷ್ಯನನ್ನು ಕಾಯುತ್ತದೆ.

ಉತ್ತರ ದೊರೆಯುವವರೆಗೆ ಆ ಮಾತು ಪದಾರ್ಥವಾಗಿಯೇ ಮೊರದಲ್ಲಿರಲಿ. ಅದನ್ನು ನೆರೆಮನೆಗೆ ಬಡಿಸುವುದು ಬೇಡ, ಆಡಿದವನ ಮೋರೆಗೆ ಎರಚುವುದೂ ಬೇಡ. ಹಸನಾದ ಬಳಿಕ ಉಳಿದ ಕಾಳನ್ನು ನಿರ್ಭಯದಿಂದ ಸ್ವೀಕರಿಸಲಿ. ಹರಳನ್ನು ನಾಲ್ಕು ಜನರ ಎದುರಿಗೆ, ನಯದಿಂದ, ಹರಳೆಂದೇ ಹೇಳಲಿ. ಕಿವಿಯಲ್ಲಿ ನೆಲೆಸಿದ ಪ್ರಸಾದಲಿಂಗಕ್ಕೆ ಗೃಹಸ್ಥನು ದಿನದಿನವೂ ಸಲ್ಲಿಸಬಹುದಾದ ಪೂಜೆ ಇದೇ ಆಗಿದೆ.